ಜಗಲಿಯಲ್ಲಿ ಕುಳಿತು ಓದಿದ ಮಾಡ್ಯೂಲ್ ಕೈಪಿಡಿ

ಆಟಿಯ ಮಳೆ ತುಸು ಬಿಡುವು ಕೊಟ್ಟಿದ್ದ ಕಳೆದ ಭಾನುವಾರ ಸಂಜೆ, ತೋಟಕ್ಕೆ ಎರಡನೆಯ ಸಲ ಮದ್ದು ಬಿಡಿಸಿ ಮುಗಿಸಿದ್ದ ನೆರೆಮನೆಯ ಮಾವ ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಅವರ ಕೈಯಲ್ಲಿ ಪೇಟೆಯ ಏಜೆನ್ಸಿಯೊಂದು ಕೊಟ್ಟ ಎರಡು ಹಾಳೆಗಳಿದ್ದವು. ಅವುಗಳಲ್ಲಿ ಐದು ದೇಶಗಳ ಹೆಸರು, ಒಂದೊಂದರ ಎದುರು ಎರಡು ಮೂರು ಕೋರ್ಸುಗಳು, ವಾರ್ಷಿಕ ಶುಲ್ಕ, ಓದಿದ ಮೇಲೆ ಅಲ್ಲಿ ಎಷ್ಟು ಕಾಲ ಉಳಿಯಬಹುದು ಎಂಬ ವಿವರ ಇವೆಲ್ಲ ಅಚ್ಚುಕಟ್ಟಾಗಿ ಮುದ್ರಿತವಾಗಿದ್ದವು. “ನೀನು ಅಲ್ಲಿ ಓದಿ ಬಂದವಳು, ಇದರಲ್ಲಿ ಯಾವುದಕ್ಕೆ ಅರ್ಜಿ ಹಾಕುವುದೆಂದು ನೀನೇ ಹೇಳು ಮಗಳೇ” ಎಂದರು ಮಾವ. ಹಾಳೆಗಳನ್ನು ಎರಡು ಸಲ ಓದಿದೆ. ಆ ಕೋರ್ಸುಗಳಲ್ಲಿ ಏನನ್ನು ಕಲಿಸುತ್ತಾರೆ ಎಂಬ ಒಂದು ಸಾಲೂ ಎಲ್ಲಿಯೂ ಇರಲಿಲ್ಲ.

ಹುಡುಗಿ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾದದ್ದು 2024ರ ಜುಲೈಯಲ್ಲಿ. ಇವಳು ಆ ಮೊದಲ ತಂಡದವಳು, ಈಗ ಐದನೆಯ ಸೆಮಿಸ್ಟರಿನಲ್ಲಿದ್ದಾಳೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಡಬೇಕೇ, ನಾಲ್ಕನೆಯ ವರ್ಷವನ್ನೂ ಮುಗಿಸಬೇಕೇ ಎಂಬುದು ಅವಳ ಮೊದಲ ಪ್ರಶ್ನೆ. ಏನನ್ನು ಓದಲು ಇಷ್ಟ ಎಂದು ನಾನು ಕೇಳಿದಾಗ ಅವಳು ತಡವರಿಸಲಿಲ್ಲ: “ಅಕ್ಕಾ, ನನಗೆ ಕೊಳೆರೋಗದ ಬಗ್ಗೆ ಓದಬೇಕು.” ಮಳೆ ಬಲವಾದ ವರ್ಷಗಳಲ್ಲಿ ಎಳೆಯ ಅಡಿಕೆ ಕೊಳೆತು ಉದುರಿ ತೋಟದ ನೆಲವೆಲ್ಲ ಹರಡಿಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡವಳಿಗೆ ಅದು ಸಹಜವಾದ ಆಸೆ. ಇಷ್ಟು ಸ್ಪಷ್ಟವಾದ ಉತ್ತರ ಇರುವವರಿಗೆ ದೇಶಗಳ ಪಟ್ಟಿಯಿಂದ ಆರಂಭಿಸುವ ಅಗತ್ಯವೇ ಇಲ್ಲ. ಹಾಳೆಗಳನ್ನು ಮಡಚಿಟ್ಟು ಲ್ಯಾಪ್‌ಟಾಪ್ ತೆರೆದೆ.

ಕುಂಬಳೆ, ಬದಿಯಡ್ಕ, ಪೆರ್ಲಗಳ ಕಡೆಯ ಕನ್ನಡ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳಿಗೂ ಅವರ ತಂದೆತಾಯಿಗೂ ಈ ವಿಷಯ ಕನ್ನಡದಲ್ಲಿಯೇ ಸಿಗಬೇಕು ಎಂಬ ಆಸೆಯಿಂದ ಆ ಸಂಜೆ ನಾವು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನೂ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಾಸರಗೋಡಿನಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಮಾಡಿ, ಜರ್ಮನಿಯಲ್ಲಿ ಆಹಾರ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ ಬಂದು ಈಗ ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ.

ಜರ್ಮನಿಯ ಡಿ.ಎ.ಎ.ಡಿ. ಎಂಬ ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಕೋರ್ಸುಗಳ ಪಟ್ಟಿಯನ್ನು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳನ್ನು ಮಾತ್ರ, ಅಥವಾ ಶುಲ್ಕವಿಲ್ಲದ ಕೋರ್ಸುಗಳನ್ನು ಮಾತ್ರ ಆರಿಸಿ ನೋಡಬಹುದು. ಆದರೆ ಅಲ್ಲಿ ಕಾಣುವುದು ಕೋರ್ಸಿನ ಮುಖಪುಟವಷ್ಟೆ. ಒಳಗೆ ಹೋಗಿ ಹುಡುಕಬೇಕಾದದ್ದು ಮಾಡ್ಯೂಲ್ ಕೈಪಿಡಿಯನ್ನು. ಪ್ರತಿಯೊಂದು ಪಾಠದ ಹೆಸರು, ಕ್ರೆಡಿಟ್, ಅದನ್ನು ಯಾವ ಸೆಮಿಸ್ಟರಿನಲ್ಲಿ ನಡೆಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಪರೀಕ್ಷೆ ಲಿಖಿತವೋ ಮೌಖಿಕವೋ, ಸೇರುವ ಮೊದಲು ಏನು ತಿಳಿದಿರಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ನೂರಾರು ಪುಟಗಳಿದ್ದರೂ ಅದನ್ನು ಓದದೆ ಅರ್ಜಿ ಹಾಕುವುದೆಂದರೆ, ನನ್ನ ದೃಷ್ಟಿಯಲ್ಲಿ, ಜಾಗವನ್ನು ನೋಡದೆ ತೋಟ ಕ್ರಯಕ್ಕೆ ತೆಗೆದುಕೊಂಡ ಹಾಗೆ.

ಆ ಸಂಜೆ ಮೂರು ಕೈಪಿಡಿಗಳನ್ನು ತೆರೆದೆವು. ಮೂರೂ ಕೋರ್ಸುಗಳ ಹೆಸರು ಹೆಚ್ಚು ಕಡಿಮೆ ‘ಸಸ್ಯ ವಿಜ್ಞಾನ’ ಎಂದೇ ಇತ್ತು. ಒಂದರಲ್ಲಿ ಕಡ್ಡಾಯ ಪಾಠಗಳೆಲ್ಲ ತಳಿ ಅಭಿವೃದ್ಧಿ ಮತ್ತು ತಳಿಶಾಸ್ತ್ರಕ್ಕೆ ಸೇರಿದ್ದವು. ಇನ್ನೊಂದು ಪೂರ್ತಿಯಾಗಿ ಜೀವಕೋಶದ ಒಳಗಿನ ಅಣುಮಟ್ಟದ ಅಧ್ಯಯನ. ಮೂರನೆಯದರಲ್ಲಿ ಮಾತ್ರ ಸಸ್ಯರೋಗಶಾಸ್ತ್ರ, ರೋಗ ಹರಡುವ ಬಗೆ, ಶಿಲೀಂಧ್ರಗಳ ಮತ್ತು ಊಮೈಸೀಟುಗಳ ಗುರುತಿಸುವಿಕೆ, ಸಸ್ಯ ಸಂರಕ್ಷಣೆ ಎಂಬ ಪಾಠಗಳಿದ್ದವು. ‘ಊಮೈಸೀಟ್’ ಎಂಬ ಶಬ್ದ ಕಂಡ ಕೂಡಲೇ ಹುಡುಗಿಯ ಮುಖ ಅರಳಿತು. ಏಕೆಂದರೆ ಕೊಳೆರೋಗವನ್ನು ಉಂಟುಮಾಡುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ಆ ಊಮೈಸೀಟುಗಳ ಗುಂಪಿನದು ಎಂದು ಅವಳು ಕಾಲೇಜಿನಲ್ಲಿ ಓದಿದ್ದಳು. ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ ಕೆಲಸ ಮಾಡಿದ ಜರ್ಮನ್ ವಿಜ್ಞಾನಿ ಆಂಟನ್ ಡಿ ಬಾರಿ ‘ಸಸ್ಯನಾಶಕ’ ಎಂಬ ಅರ್ಥದಲ್ಲಿ 1876ರಲ್ಲಿ ಇಟ್ಟ ಹೆಸರು ಅದು.

ಈ ಸಂದರ್ಭದಲ್ಲಿ ಮಾವನಿಗೆ ಒಂದು ಹಳೆಯ ವಿಷಯವನ್ನು ಹೇಳಿದೆ. ಕೆನಡಾದಲ್ಲಿ ಹುಟ್ಟಿ, ಪರದೇಶದ ವಿದ್ಯಾರ್ಥಿಯಾಗಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಮೈಲುತುತ್ತು ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಲ್ಲಿ ರೂಢಿಗೆ ತಂದರು. ದ್ರಾವಣವೂ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡದ್ದು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಅಂಗೈಯಲ್ಲಿ ಮೈಲುತುತ್ತಿನ ನೀಲಿ ಕಲೆ ಇನ್ನೂ ಹಾಗೆಯೇ ಇತ್ತು. ದೂರದ ಊರಿನ ಪಾಠವೊಂದು ಅಡಿಕೆ ಮರದ ತುದಿಯವರೆಗೆ ಬರಬಲ್ಲದು ಎಂದು ಅವರಿಗೆ ತೋರಿಸಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಕ್ರೆಡಿಟಿನ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಎಡವುವುದು ಇಲ್ಲಿ. ಯುರೋಪಿನ ಬಹುತೇಕ ವಿಶ್ವವಿದ್ಯಾಲಯಗಳು ಬಳಸುವ ಇ.ಸಿ.ಟಿ.ಎಸ್. ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಗಂಟೆ ಎಂದು ಹಿಡಿಯುತ್ತಾರೆ. ಹಾಗಾಗಿ 6 ಕ್ರೆಡಿಟಿನ ಒಂದು ಪಾಠಕ್ಕೆ 180 ಗಂಟೆ ಬೇಕು. ತರಗತಿಯಲ್ಲಿ ಕಳೆಯುವುದು ಅದರ ಮೂರನೆಯ ಒಂದು ಪಾಲು ಇದ್ದೀತು, ಉಳಿದದ್ದು ನಾವೇ ಕುಳಿತು ಓದಬೇಕಾದ ಹೊತ್ತು. ಎರಡು ವರ್ಷದ ಸ್ನಾತಕೋತ್ತರ ಪದವಿಗೆ 120 ಕ್ರೆಡಿಟ್. ಅದರಲ್ಲಿ ಸಾಮಾನ್ಯವಾಗಿ 30 ಪ್ರಬಂಧಕ್ಕೆ ಹೋಗುತ್ತದೆ. ಉಳಿದ 90ರಲ್ಲಿ ಎಷ್ಟು ಕಡ್ಡಾಯ, ಎಷ್ಟನ್ನು ಒಂದು ಗುಂಪಿನೊಳಗಿಂದ ಆರಿಸಬೇಕು, ಎಷ್ಟು ಪೂರ್ತಿ ನಮ್ಮ ಇಷ್ಟಕ್ಕೆ ಬಿಟ್ಟದ್ದು ಎಂಬುದನ್ನು ನೋಡಿದರೆ ಆ ಕೋರ್ಸಿನ ನಿಜವಾದ ಸ್ವರೂಪ ತಿಳಿಯುತ್ತದೆ.

ನನಗೆ ಇದನ್ನು ಹೇಳಿಕೊಡುವವರು ಇರಲಿಲ್ಲ. ನಾನು ಬಹಳ ಆಸೆಯಿಂದ ಆರಿಸಿಕೊಂಡಿದ್ದ ಪಾಠವೊಂದು ಚಳಿಗಾಲದ ಸೆಮಿಸ್ಟರಿನಲ್ಲಿ, ಎಂದರೆ ಅಕ್ಟೋಬರಿನಿಂದ, ಮಾತ್ರ ನಡೆಯುವಂಥದ್ದೆಂದು ಕೈಪಿಡಿಯಲ್ಲಿ ಬರೆದಿತ್ತು. ಅದನ್ನು ಗಮನಿಸದೆ ಬೇಸಿಗೆಯ ಸೆಮಿಸ್ಟರಿಗೆಂದು ಬಿಟ್ಟಿದ್ದೆ. ಇನ್ನೊಂದು ಪಾಠದ ತರಗತಿಗಳಿಗೆ ತಪ್ಪದೆ ಹೋಗಿಯೂ ಪರೀಕ್ಷೆಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು ಎಂಬುದು ತಿಳಿಯದೆ ಗಡುವು ದಾಟಿಸಿದೆ. ತರಗತಿಗೆ ಸೇರಿದ ಮೇಲೆ ಪರೀಕ್ಷೆಯ ಪ್ರವೇಶಪತ್ರ ತಾನಾಗಿಯೇ ಬರುತ್ತದೆ ಎಂಬ ನಮ್ಮ ಊರಿನ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಈ ಎರಡು ತಪ್ಪುಗಳಿಂದ ನನ್ನ ಓದು ಒಂದು ಸೆಮಿಸ್ಟರ್ ಉದ್ದವಾಯಿತು. ಆ ಆರು ತಿಂಗಳ ಬಾಡಿಗೆ, ಊಟದ ಖರ್ಚಿಗೆ ಅಪ್ಪ ಆ ವರ್ಷದ ಅಡಿಕೆಯನ್ನು ದರ ಏರುವವರೆಗೆ ಕಾಯದೆ ಮಾರಿದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಕಡ್ಡಾಯ ಪರೀಕ್ಷೆಯನ್ನು ಮೂರು ಸಲ ಮಾತ್ರ ಬರೆಯಬಹುದು, ಮೂರನೆಯ ಸಲವೂ ತಪ್ಪಿದರೆ ಆ ಕೋರ್ಸನ್ನೇ ಬಿಡಬೇಕಾಗುತ್ತದೆ ಎಂಬುದನ್ನೂ ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಪದವಿಗಾಗಿ ಸೇರುವುದಕ್ಕೂ ಇಲ್ಲಿನ ಕಾಲೇಜಿನಿಂದ ಒಂದೆರಡು ಸೆಮಿಸ್ಟರಿನ ಮಟ್ಟಿಗೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ವಿನಿಮಯದಲ್ಲಿ ಹೋಗುವವರಿಗೆ ವಿಶ್ವವಿದ್ಯಾಲಯದ ಎಲ್ಲ ಪಾಠಗಳೂ ತೆರೆದಿರುವುದಿಲ್ಲ. ಪ್ರಯೋಗಾಲಯದಲ್ಲಿ ಸ್ಥಳ ಕಡಿಮೆ ಇರುವ ಪಾಠಗಳು, ವೈದ್ಯಕೀಯದಂಥ ವಿಭಾಗಗಳು ಹೆಚ್ಚಾಗಿ ಮುಚ್ಚಿರುತ್ತವೆ. ತಮಗೆ ತೆರೆದಿರುವ ಪಟ್ಟಿಯಿಂದ ಪಾಠಗಳನ್ನು ಆರಿಸಿ, ಅಲ್ಲಿ ಗಳಿಸುವ ಕ್ರೆಡಿಟನ್ನು ಇಲ್ಲಿನ ಯಾವ ಪತ್ರಿಕೆಯ ಬದಲಿಗೆ ಪರಿಗಣಿಸಲಾಗುವುದು ಎಂದು ಎರಡೂ ಕಡೆಯವರಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಕೈಯಲ್ಲಿಲ್ಲದಿದ್ದರೆ ಮರಳಿದ ಮೇಲೆ ಅದೇ ಪತ್ರಿಕೆಯನ್ನು ಮತ್ತೆ ಬರೆಯಬೇಕಾದ ಸ್ಥಿತಿ ಬರಬಹುದು.

ಶುಲ್ಕದ ಮಾತು ಬಂದಾಗ ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯುರೋ ಪಡೆಯುತ್ತಿದೆ; ಕೃಷಿ ವಿಜ್ಞಾನಕ್ಕೆ ಹೆಸರಾದ ಹೊಹೆನ್‌ಹೈಮ್ ವಿಶ್ವವಿದ್ಯಾಲಯ ಇರುವುದು ಆ ರಾಜ್ಯದಲ್ಲಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಹಾಕಿದೆ. ಶುಲ್ಕವಿಲ್ಲದಿದ್ದರೂ ವೀಸಾಕ್ಕೆ ಮೊದಲು ಒಂದು ವರ್ಷದ ಜೀವನ ವೆಚ್ಚವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯುರೋ, ತಿಂಗಳಿಗೆ 992ರಂತೆ ಮಾತ್ರ ಅದನ್ನು ತೆಗೆಯಬಹುದು. ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ದೆಹಲಿಯ ಎ.ಪಿ.ಎಸ್. ಕೇಂದ್ರದಲ್ಲಿ ಪರಿಶೀಲನೆಗೆ ಕೊಟ್ಟು ಪ್ರಮಾಣಪತ್ರ ಪಡೆಯುವುದು 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ನೆದರ್‌ಲ್ಯಾಂಡ್ಸಿನ ವಾಖೆನಿಂಗೆನ್ ವಿಶ್ವವಿದ್ಯಾಲಯದ ಸಸ್ಯ ವಿಜ್ಞಾನದ ಕೋರ್ಸು ಬಹಳ ಒಳ್ಳೆಯದು, ಆದರೆ ನಮ್ಮವರಿಗೆ ಅಲ್ಲಿ ವಾರ್ಷಿಕ ಶುಲ್ಕವೇ 20,000 ಯುರೋ ದಾಟುತ್ತದೆ. ವಿದ್ಯಾರ್ಥಿವೇತನ ಸಿಕ್ಕದೆ ಅಲ್ಲಿಗೆ ಹೋಗುವುದಕ್ಕಾಗಿ ತೋಟವನ್ನು ಅಡವಿಡಬೇಡಿ ಎಂದು ನಾನು ಮಾವನಿಗೆ ನೇರವಾಗಿಯೇ ಹೇಳಿದೆ.

ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳನ್ನು ಮಾತ್ರ ಪ್ರತಿಯೊಬ್ಬ ಒಳ್ಳೆಯ ವಿದ್ಯಾರ್ಥಿಯೂ ಒಮ್ಮೆ ನೋಡಲೇಬೇಕು. 2004ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು, ವಿದ್ಯಾರ್ಥಿವೇತನ ಸಿಕ್ಕಿದವರಿಗೆ ತಿಂಗಳಿಗೆ 1,400 ಯುರೋದಂತೆ 24 ತಿಂಗಳವರೆಗೆ ಹಣ ಬರುತ್ತದೆ. ಅರ್ಜಿಯನ್ನು ಆಯಾ ಕೋರ್ಸಿನವರಿಗೆ ನೇರವಾಗಿ ಹಾಕಬೇಕು, ಹೆಚ್ಚಿನ ಕೋರ್ಸುಗಳ ಗಡುವು ಅಕ್ಟೋಬರಿನಿಂದ ಜನವರಿಯ ಒಳಗೆ ಬರುತ್ತದೆ. ಏಜೆನ್ಸಿಯ ಹಾಳೆಗಳಲ್ಲಿ ಇದರ ಸುಳಿವೂ ಇರಲಿಲ್ಲ.

ಬ್ರಿಟನ್ನಿನ ಸ್ನಾತಕೋತ್ತರ ಕೋರ್ಸುಗಳು ಸಾಮಾನ್ಯವಾಗಿ ಒಂದೇ ವರ್ಷದವು. ಬೇಗ ಮುಗಿಯುತ್ತವೆಂಬುದು ಅನುಕೂಲ, ಪ್ರಬಂಧಕ್ಕೆ ಸಿಗುವ ಕಾಲ ಮೂರು ನಾಲ್ಕು ತಿಂಗಳು ಮಾತ್ರ ಎಂಬುದು ಕೊರತೆ. ಓದಿದ ಮೇಲೆ ಎರಡು ವರ್ಷ ಉಳಿಯಲು ಇದ್ದ ಅವಕಾಶವೂ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಯ ಮೇಲೆ ನೇರವಾಗಿ ಪಿ.ಎಚ್‌ಡಿ.ಗೆ ಸೇರಿ ಬೋಧನಾ ಸಹಾಯಕರಾಗಿ ವೇತನ ಪಡೆಯುವ ದಾರಿಯಿದೆ. ಅಲ್ಲಿಯ ಹಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಸುಲಭವಾಗಿ ಒಪ್ಪುವುದಿಲ್ಲ, ಆದ್ದರಿಂದ ಅಮೆರಿಕದ ಯೋಚನೆ ಇರುವವರು ಕೇರಳದ ಹೊಸ ನಾಲ್ಕನೆಯ ವರ್ಷವನ್ನು ಬಿಡದಿರುವುದು ಉತ್ತಮ. ಜರ್ಮನಿಗೆ ಸಾಮಾನ್ಯವಾಗಿ ಮೂರು ವರ್ಷ ಸಾಕು. ಹಾಗಿದ್ದರೂ ಈ ಹುಡುಗಿ ನಾಲ್ಕನೆಯ ವರ್ಷ ಓದಿ, ಸಂಶೋಧನಾ ಯೋಜನೆಯೊಂದನ್ನು ಮಾಡಿ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಕಾರಣ, ಮೂರನೆಯ ಕೈಪಿಡಿಯಲ್ಲಿ ಪ್ರವೇಶಕ್ಕೆ ರಸಾಯನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದಲ್ಲಿ ಇಷ್ಟಿಷ್ಟು ಕ್ರೆಡಿಟ್ ಇರಬೇಕು ಎಂಬ ಷರತ್ತು ಇತ್ತು, ಮತ್ತು ಅವಳ ಅಂಕಪಟ್ಟಿಯಲ್ಲಿ ಸಂಖ್ಯಾಶಾಸ್ತ್ರ ಕಡಿಮೆಯಿತ್ತು. ಆ ಕೊರತೆಯನ್ನು ಮುಂದಿನ ವರ್ಷ ಇಲ್ಲಿಯೇ ತುಂಬಿಕೊಳ್ಳಬಹುದು.

ಮರಳಿ ಬಂದು ಇಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಪದವಿಯ ಮಾನ್ಯತೆಯನ್ನೂ ನೋಡಬೇಕು. ಯು.ಜಿ.ಸಿ. 2025ರ ಏಪ್ರಿಲಿನಲ್ಲಿ ವಿದೇಶಿ ಪದವಿಗಳ ಸಮಾನತೆಯ ಬಗ್ಗೆ ನಿಯಮಗಳನ್ನು ಪ್ರಕಟಿಸಿದೆ. ವೈದ್ಯಕೀಯದಂಥ ವೃತ್ತಿ ಪದವಿಗಳಿಗೆ ಅವು ಅನ್ವಯಿಸುವುದಿಲ್ಲ. ಎಂ.ಬಿ.ಬಿ.ಎಸ್.ಗೆಂದು ಹೊರದೇಶಕ್ಕೆ ಕಳುಹಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದ್ದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು, ಆ ಪದವಿಯಿಂದ ಆ ದೇಶದಲ್ಲಿಯೇ ವೈದ್ಯರಾಗಿ ನೋಂದಣಿ ಪಡೆಯಲು ಅರ್ಹತೆ ಸಿಗುವಂತಿರಬೇಕು, ಹೊರಡುವ ಮೊದಲು ನೀಟ್ ಉತ್ತೀರ್ಣರಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಷ್ಟು ವರ್ಷಗಳ ಓದಿನಿಂದ ಇಲ್ಲಿ ವೈದ್ಯವೃತ್ತಿ ಮಾಡಲು ಆಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಡ್ಡಿಯಾಗುತ್ತದೆಯೇ ಎಂದು ಹುಡುಗಿ ಮೆಲ್ಲನೆ ಕೇಳಿದಳು. ಅಡ್ಡಿಯಾಗುವುದಿಲ್ಲ. ಪ್ರವೇಶಕ್ಕೆ ಅವರು ಮುಖ್ಯವಾಗಿ ನೋಡುವುದು ಪದವಿಯ ವಿಷಯಗಳನ್ನು ಮತ್ತು ಐ.ಇ.ಎಲ್.ಟಿ.ಎಸ್.ನಂಥ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕವನ್ನು. ಕೆಲವು ಕಡೆ ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೆಂದು ಕಾಲೇಜು ಕೊಡುವ ಪತ್ರವೂ ಸಾಕಾಗುತ್ತದೆ. ನನ್ನ ತರಗತಿಯಲ್ಲಿ ಚೀನಾ, ಕೊಲಂಬಿಯಾ, ಘಾನಾದಿಂದ ಬಂದವರಿದ್ದರು, ಅವರಲ್ಲಿ ಹಲವರು ತಮ್ಮ ತಮ್ಮ ಭಾಷೆಗಳಲ್ಲಿ ಶಾಲೆ ಕಲಿತವರೇ.

ಕತ್ತಲಾಗುವ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು. ಹೊರಡುವ ಮೊದಲು ಮಾವ ಕೇಳಿದರು: “ಅಲ್ಲಿ ಅಡಿಕೆಯೇ ಇಲ್ಲವಲ್ಲ, ಮತ್ತೆ ಇವಳು ಯಾವುದರ ಮೇಲೆ ಪ್ರಬಂಧ ಬರೆಯುವುದು?” ಆ ಸಂಜೆಯ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಕೈಪಿಡಿಯ ಕೊನೆಯಲ್ಲಿ, ಪ್ರಬಂಧದ ಕೆಲಸವನ್ನು ಹೊರಗಿನ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಮಾಡಬಹುದು ಎಂಬ ಸಾಲು ಇತ್ತು. ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿ.ಪಿ.ಸಿ.ಆರ್.ಐ. ನಮ್ಮ ಕಾಸರಗೋಡಿನಲ್ಲಿಯೇ ಇದೆ. ಅಂಥ ಸಂಸ್ಥೆಯ ಜೊತೆ ಸೇರಿ ಇಲ್ಲಿನ ತೋಟಗಳಲ್ಲಿ ಕೊಳೆರೋಗದ ಬಗ್ಗೆ ಕೆಲಸ ಮಾಡಲು ಒಪ್ಪುತ್ತೀರಾ ಎಂದು ಕೋರ್ಸಿನ ಸಂಯೋಜಕರಿಗೆ ಇಮೇಲ್ ಬರೆಯಲು ಹುಡುಗಿ ಅಲ್ಲಿಯೇ ಕುಳಿತಳು. ನಾನು ಎರಡು ವಾಕ್ಯಗಳನ್ನು ಮಾತ್ರ ತಿದ್ದಿದೆ. ಗುರುವಾರ ಉತ್ತರ ಬಂದಿದೆ: ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು ಇರುವುದಾದರೆ ಆಗಬಹುದಂತೆ, ಅವಳ ಪದವಿಯ ಪಠ್ಯಕ್ರಮದ ಪೂರ್ಣ ಪ್ರತಿಯನ್ನು ಕಳುಹಿಸಬೇಕಂತೆ. ಸೋಮವಾರ ಅವಳು ಕಾಲೇಜಿನ ಕಚೇರಿಗೆ ಹೋಗಿ ಅದಕ್ಕೆ ಮೊಹರು ಹಾಕಿಸಿಕೊಂಡು ಬರುತ್ತಾಳೆ.