‘ಮೊನ್ನಿಂದ ಮಳಿ ಹಿಡದೈತಿ’: ಕ್ಲಿಂಗಾನ್‌ದಾಗ ಹೆಂಗ ಹೇಳೋದು?

ಬೆಳಗಾವಿಯ ಮಳೆಗಾಲದಲ್ಲಿ ದಿನಾ ಕೇಳುವ ಮಾತು ಇದು. ಕನ್ನಡದಲ್ಲಿ ‘ಇಂದ’ ಹಚ್ಚಿದರೆ ಮುಗೀತು. ‘ಬೆಳಗಾವಿಯಿಂದ’ ಅನ್ನೋದಕ್ಕೂ ‘ಮೊನ್ನೆಯಿಂದ’ ಅನ್ನೋದಕ್ಕೂ ಅದೇ ಪ್ರತ್ಯಯ. ‘ಸ್ಟಾರ್ ಟ್ರೆಕ್’ ಕಥೆಗಳಿಗಾಗಿ ಕಟ್ಟಿದ ಕ್ಲಿಂಗಾನ್ ಭಾಷೆ ಕಲಿಯುವ ಕನ್ನಡಿಗರು ಮೊದಲು ಎಡವುವುದೂ ಇಲ್ಲೇ.

ಕ್ಲಿಂಗಾನ್‌ನ -ವೊ' ಪ್ರತ್ಯಯ ನಮ್ಮ ‘ಇಂದ’ದ ಹಾಗೆ ಕಾಣುತ್ತದೆ, ಆದರೆ ಅದು ಜಾಗಕ್ಕೆ ಮಾತ್ರ. ‘ಬೆಳಗಾವಿವೊ' ಬಾಗಲಕೋಟೆಡಕ್ ಜಹ್’ ಅಂದರೆ ‘ಬೆಳಗಾವಿಯಿಂದ ಬಾಗಲಕೋಟೆಗೆ ಹೋಗ್ತಾನ’. ಇದು ಸರಿ. ಇದೇ -ವೊ' ಅನ್ನು ದಿನಕ್ಕೋ ತಾಸಿಗೋ ಅಂಟಿಸಿದರೆ ತಪ್ಪು. ‘ನಡುವಿನ ಜಾಗ’ ಎಂಬ ಅರ್ಥದ ಜೊಜ್ ಕೂಡ ಜಾಗದ ಪದವೇ, ಎರಡು ವೇಳೆಗಳ ನಡುವೆ ಅನ್ನಲಿಕ್ಕೆ ಅದೂ ಬರುವುದಿಲ್ಲ. (ಇಲ್ಲಿನ ಡ, ಷ ಎರಡನ್ನೂ ನಾಲಿಗೆ ಮಡಚಿ ನಮ್ಮಂತೆಯೇ ಉಚ್ಚರಿಸಿ. ಇಂಗ್ಲಿಷಿನವರು ಒದ್ದಾಡುವ ಈ ಅಕ್ಷರಗಳು ನಮಗೆ ಪುಕ್ಕಟೆ. ಅಕ್ಷರದ ಪಕ್ಕ ಮೇಲೆ ಬರುವ (') ಗುರುತು ಗಂಟಲು ಕ್ಷಣ ಹಿಡಿದು ಬಿಡುವುದಕ್ಕೆ.)

ಹಾಗಾದರೆ ಕಾಲಕ್ಕೆ ಏನು? ಆರಂಭ ಒಂದು ವಾಕ್ಯ, ಈಗಿನ ಸ್ಥಿತಿ ಇನ್ನೊಂದು ವಾಕ್ಯ:

ಚ' ಹು' ಷಿಷ್‌ಚೊಹ್‌ಪು'. ಡಹ್ ಷಿಷ್‌ತಹ್.

ಚ' ಅಂದರೆ ಎರಡು, ಹು' ಅಂದರೆ ‘ದಿನಗಳ ಹಿಂದೆ’. ಷಿಷ್ ಅಂದರೆ ಮಳೆ ಬರು, -ಚೊಹ್ ಶುರುವಾಗುವುದನ್ನು, -ಪು' ಆಗಿಹೋದದ್ದನ್ನು, -ತಹ್ ನಡೆಯುತ್ತಿರುವುದನ್ನು ಹೇಳುತ್ತವೆ. ಡಹ್ ಅಂದರೆ ಈಗ. ಎರಡು ದಿನದ ಹಿಂದೆ ಶುರುವಾಯ್ತು, ಈಗ ಸುರೀತೈತಿ. ಉದ್ದ ಅನಿಸಬಹುದು, ಆದರೆ ಗೊಂದಲ ಇಲ್ಲ.

ಅಂಗಡಿಯವನು ಹತ್ತರಿಂದ ಮಧ್ಯಾಹ್ನ ಒಂದರ ತನಕ ದುಡಿಯುತ್ತಾನೆ ಅನ್ನಲಿಕ್ಕೂ ಇದೇ ದಾರಿ: ‘ವ'ಮಹ್ ರೆಪ್ ವುಮ್‌ಚೊಹ್. ವ'ಮಹ್ ವೆಜ್ ರೆಪ್ ಮೆವ್.’ ಹತ್ತಕ್ಕೆ ದುಡಿಮೆ ಶುರು, ಹದಿಮೂರಕ್ಕೆ ನಿಲ್ಲಿಸುತ್ತಾನೆ. ಭೂಮಿಯ ಗಡಿಯಾರದ ವೇಳೆಯನ್ನು 24 ತಾಸಿನ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಗಂಟೆ ಅಂತ ‘ವ' ರೆಪ್’ ಅಂದರೆ ನಡುರಾತ್ರಿ ದಾಟಿದ ಒಂದು ಗಂಟೆಯಾಗುತ್ತದೆ. ವೇಳೆಯ ಪದ ವಾಕ್ಯದ ಮೊದಲಿಗೆ ಬರುತ್ತದೆ, ಪ್ರತ್ಯಯ ಬೇಡ.

ಎಷ್ಟು ಹೊತ್ತು ಅನ್ನುವುದು ಮಾತ್ರ ಮುಖ್ಯವಾದರೆ ಕಷ್‌ತಹ್‌ವಿಷ್ ಬಳಸಿ: ‘ಕಷ್‌ತಹ್‌ವಿಷ್ ವೆಜ್ ರೆಪ್, ವುಮ್.’ ಮೂರು ತಾಸು ನಡೆಯುತ್ತಿರುವಾಗ ದುಡಿಯುತ್ತಾನೆ. ಇಲ್ಲಿ ಎರಡು ತಪ್ಪು ಮೇಲಿಂದ ಮೇಲೆ ಆಗುತ್ತವೆ. -ವಿಷ್ ಬಂದರೆ ಅದರ ಮೊದಲು -ತಹ್ ಬರಲೇಬೇಕು, ‘ಕಷ್‌ವಿಷ್’ ಅನ್ನುವ ರೂಪ ಇಲ್ಲ. ಎರಡನೆಯದು, ಕ್ಲಿಂಗಾನ್‌ನಲ್ಲಿ ಕರ್ತೃ ಕ್ರಿಯಾಪದ ಆದ ಮೇಲೆ ಬರುತ್ತದೆ. ನಡೆಯುತ್ತಿರುವುದು ಮೂರು ತಾಸು, ಆದ್ದರಿಂದ ವೆಜ್ ರೆಪ್ (ಮೂರು ತಾಸು) ಕೂಡ ಕ್ರಿಯಾಪದ ಆದ ಮೇಲೆಯೇ. ಕನ್ನಡದ ಕ್ರಮದಲ್ಲಿ ಮೊದಲು ತಂದಿಟ್ಟರೆ ಅರ್ಥ ‘ಮೂರು ಗಂಟೆಗೆ’ ಅನ್ನೋ ಕಡೆ ಜಾರುತ್ತದೆ.

ಉಳಿದದ್ದು ‘ಐದಾರು ದಿವಸ’. ಅಂಕಿಗಳನ್ನು ನಮ್ಮಂತೆ ಜೋಡಿಸಿಬಿಡಲು ಬರುವುದಿಲ್ಲ. ‘ವಘ್ ಜಜ್ ಜವ್ ಜಜ್ ಘಪ್’ ಅನ್ನಿ: ಐದು ದಿನ ಇಲ್ಲವೇ ಆರು ದಿನ. ಘಪ್ ಕೊನೆಗೇ ಬರಬೇಕು. ಐದರಿಂದ ಹತ್ತು ಅನ್ನುವಷ್ಟು ಅಗಲದ ಅಂತರವಿದ್ದರೆ ಕನಿಷ್ಠ ಒಂದು ವಾಕ್ಯ, ಗರಿಷ್ಠ ಒಂದು ವಾಕ್ಯ ಮಾಡುವುದೇ ಕ್ಷೇಮ. ಘಪ್ ಬದಲು ಜೊಕ್ ಹಾಕಿದಿರೋ, ‘ಅದು, ಇದು, ಇಲ್ಲಾ ಎರಡೂ’ ಅಂತಾಗುತ್ತದೆ. ಐದಾರು ದಿನದ ಕೆಲಸ ಹನ್ನೊಂದು ದಿನಕ್ಕೂ ಎಳೆಯಬಹುದು.