ಕುಡಿ ಚಿವುಟುವ ಬೆರಳು

ಸಭಿಕರ ಮನವೊಲಿಸುವ ಬಗೆಯನ್ನು ಕಲಿಸುವ ತರಬೇತಿಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಕೇಳಿಬರುತ್ತದೆ: ಕೇಳುಗರ ಮೇಲಾಗುವ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯ ಪಾಲು ಶೇ. 38, ಉಳಿದ ಶೇ. 55 ಮುಖಭಾವ ಮತ್ತು ದೇಹಭಾಷೆಯದು. ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಅವರು ಸಹೋದ್ಯೋಗಿಗಳೊಂದಿಗೆ 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಹುಟ್ಟಿದ ಅಂಕಿಗಳಿವು. ಅಲ್ಲಿ ಬಳಸಿದ್ದು ಬಿಡಿ ಪದಗಳು, ಧ್ವನಿಮುದ್ರಿಸಿದ ದನಿ ಮತ್ತು ಮುಖದ ಛಾಯಾಚಿತ್ರಗಳು; ಪರೀಕ್ಷಿಸಿದ್ದು ಮಾತನಾಡುವವರಿಗೆ ಎದುರಿನವರ ಮೇಲಿರುವ ಇಷ್ಟಾನಿಷ್ಟವನ್ನು ಕೇಳುಗರು ಹೇಗೆ ಗ್ರಹಿಸುತ್ತಾರೆ ಎಂಬುದನ್ನು. ತೊಗರಿ ಬೆಳೆಯುವವರಿಗೆ ಬೇಸಾಯದ ವಿಷಯ ಹೇಳಲು ಹೊರಟವನು ಈ ಲೆಕ್ಕವನ್ನು ನೆಚ್ಚಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಆದರೂ ಕೈ, ಕಣ್ಣು, ನಿಲುವುಗಳಿಗೆ ತಮ್ಮದೇ ಆದ ಕೆಲಸವಿದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅದನ್ನು ಹತ್ತಿರದಿಂದ ನೋಡಿದೆ.

ಅಂದು ನಾನು ಹೇಳಬೇಕಾಗಿದ್ದದ್ದು ತೊಗರಿಯ ಕುಡಿ ಚಿವುಟುವ ಬಗ್ಗೆ. ಬಿತ್ತಿ 45ರಿಂದ 50 ದಿನಗಳಾಗುವ ಹೊತ್ತಿಗೆ ಗಿಡದ ತುದಿಯನ್ನು ಎರಡು ಮೂರು ಇಂಚಿನಷ್ಟು ಚಿವುಟಿದರೆ ಅದು ಮೇಲಕ್ಕೆ ಏರುವುದನ್ನು ಬಿಟ್ಟು ಪಕ್ಕದ ಟೊಂಗೆಗಳನ್ನು ಒಡೆಯುತ್ತದೆ, ಟೊಂಗೆ ಹೆಚ್ಚಿದಂತೆ ಹೂವು ಕಾಯಿ ಹಿಡಿಯುವ ಜಾಗವೂ ಹೆಚ್ಚುತ್ತದೆ. ವಿಷಯ ಸರಳವೇ. ಆದರೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಕಲಬುರಗಿಯ ತೊಗರಿಯನ್ನು ಅಜ್ಜನ ಕಾಲದಿಂದ ಬೆಳೆಯುತ್ತ ಬಂದವರ ಮುಂದೆ ನಿಂತು, ಸೊಂಪಾಗಿ ಎದ್ದ ಗಿಡದ ತಲೆಯನ್ನೇ ಮುರಿಯಿರಿ ಎಂದು ಹೇಳುವುದು ಸರಳವಲ್ಲ.

ಸಮುದಾಯ ಭವನದ ವೇದಿಕೆಯ ಮೇಲೆ ಮೇಜು, ಮೈಕು, ಪ್ರೊಜೆಕ್ಟರ್ ಎಲ್ಲವನ್ನೂ ಸಿದ್ಧಪಡಿಸಿದ್ದರು. ನಾನು ಮೇಜನ್ನು ಗೋಡೆಗೆ ಸರಿಸಲು ಹೇಳಿ, ಪಕ್ಕದ ಹೊಲದಿಂದ ಬೇರುಸಹಿತ ಕಿತ್ತು ತರಿಸಿದ್ದ ತೊಗರಿ ಗಿಡವೊಂದನ್ನು ಹಿಡಿದು ಕೆಳಗಿಳಿದೆ. ಮೈಕು ಹಿಡಿದರೆ ಒಂದು ಕೈ ಅದಕ್ಕೇ ಮೀಸಲಾಗುತ್ತದೆ. ಅಷ್ಟು ಸಣ್ಣ ಭವನದಲ್ಲಿ ದನಿ ಎತ್ತರಿಸಿದರೆ ಸಾಕಿತ್ತು. ಜಮಖಾನೆಯ ಮೇಲೆ ಕುಳಿತವರ ನೆತ್ತಿಯ ಮೇಲಿಂದ ಮಾತನಾಡುವುದಕ್ಕಿಂತ ಅವರ ಕಣ್ಣಿನ ಮಟ್ಟಕ್ಕೆ ಬಂದು ಮಂಡಿಯೂರಿ ಕೂರುವುದೇ ಮೇಲೆಂದು ತೋರಿತು. (ಇಸ್ತ್ರಿ ಮಾಡಿದ ಪ್ಯಾಂಟಿನ ಗತಿ ಏನಾಯಿತೆಂದು ಕೇಳಬೇಡಿ.)

ಮಾತನಾಡುವವನ ಮೈ ಬಗ್ಗೆ ಹೇಳುವಷ್ಟನ್ನು ಕೇಳುವವರ ಮೈ ಬಗ್ಗೆ ಯಾರೂ ಹೇಳುವುದಿಲ್ಲ. ಕೈಕಟ್ಟಿ ಕುಳಿತವರು ವಿರೋಧಿಗಳು ಎಂಬ ಸೂತ್ರ ಅಲ್ಲಿ ನಿಲ್ಲುವಂತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಕಿಟಕಿಯಿಂದ ತಂಪು ಗಾಳಿ. ಅರ್ಧ ಭವನ ಕೈಕಟ್ಟಿಯೇ ಕುಳಿತಿತ್ತು. ಪ್ರತಿಯೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿ ಎಂಬ ಸಲಹೆಯನ್ನೂ ಅಲ್ಲಿ ಅಕ್ಷರಶಃ ಪಾಲಿಸುವಂತಿರಲಿಲ್ಲ, ಏಕೆಂದರೆ ತಲೆಯ ಮೇಲೆ ಸೆರಗು ಹೊದ್ದು ಒಂದು ಬದಿಗೆ ಕುಳಿತಿದ್ದ ಹೆಂಗಸರನ್ನು ಪರಸ್ಥಳದ ಗಂಡಸು ಎವೆಯಿಕ್ಕದೆ ನೋಡುವುದು ಮರ್ಯಾದೆಯಲ್ಲ. ನಾನು ಗಮನವಿಟ್ಟದ್ದು ಹಿರಿಯರ ಅಂಗೈಗಳ ಮೇಲೆ. ಸುಣ್ಣ ಬೆರೆಸಿದ ತಂಬಾಕನ್ನು ಹೆಬ್ಬೆರಳು ಒಂದೇ ಸಮನೆ ತಿಕ್ಕುತ್ತಿದ್ದರೆ ಮಾತು ಇನ್ನೂ ಒಳಗೆ ಇಳಿದಿಲ್ಲ ಎಂದೇ ನಾನು ತಿಳಿಯುತ್ತೇನೆ.

ಟೊಂಗೆಗಳ ಚಿತ್ರ ತೋರಿಸುವಾಗಲೂ ಆ ಹೆಬ್ಬೆರಳುಗಳು ನಿಲ್ಲಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು, “ಅಲ್ರೀ ಸರ, ಬೆಳಿಯೋ ಕುಡಿನೇ ಮುರದ್ರ ಕಾಯಿ ಎಲ್ಲಿಂದ ಬರ್ತಾವ್ರೀ?” ಎಂದರು. ನಾನು ಉತ್ತರವನ್ನು ಮಾತಿನಿಂದ ಆರಂಭಿಸಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳನ್ನು ಜೋಡಿಸಿ ಗಾಳಿಯಲ್ಲೇ ಎರಡು ಮೂರು ಸಲ ಚಿವುಟಿ, ಚಿವುಟಿದ್ದನ್ನು ಮಡಿಲಿಗೆ ಹಾಕಿಕೊಂಡಂತೆ ಮಾಡಿ, “ಕಾಕಾ, ಚಳಿಗಾಲದಾಗ ಕಡ್ಲಿ ಪಲ್ಯಕ್ಕ ಏನ್ ಮಾಡ್ತಾರ?” ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಹೆಂಗಸರ ಗುಂಪಿನಲ್ಲಿ ನಾಲ್ಕಾರು ಕೈಗಳು ತಾವಾಗಿಯೇ, ಕಡಲೆ ಗಿಡದ ಎಳೆ ಕುಡಿಯನ್ನು ಪಲ್ಯಕ್ಕೆ ಚಿವುಟುವ ಅದೇ ಚಲನೆಯನ್ನು ಮಾಡಿದವು. ಹಿರಿಯ ಕೂಲಿಕಾರ್ತಿಯೊಬ್ಬರು, “ಕುಡಿ ಚೂಟಿದ ಕಡ್ಲಿನೇ ಟೊಂಗಿ ಹೆಚ್ಚು ಒಡಿತದಲ್ರೀ” ಎಂದರು. ನಾನು ಕೈಯಲ್ಲಿದ್ದ ಗಿಡವನ್ನು ಅವರ ಮುಂದಿಟ್ಟು ಪಕ್ಕಕ್ಕೆ ಸರಿದೆ. ಅವರು ಗಿಡದ ತುದಿಯನ್ನು ಬೆರಳಲ್ಲಿ ಅಳೆದು, ಎಷ್ಟು ಚೂಟಬೇಕೆಂದು ನನ್ನನ್ನು ಕೇಳಿ, ಚಿಟಿಕೆ ಹೊಡೆಯುವಷ್ಟು ಹೊತ್ತಿನಲ್ಲಿ ಮುಗಿಸಿಬಿಟ್ಟರು. ಗಂಡಸರೆಲ್ಲ ಆ ಕಡೆ ತಿರುಗಿ ಕುಳಿತರು. ತಂಬಾಕು ತಿಕ್ಕುವುದು ನಿಂತಿತ್ತು.

ನನ್ನ ಸನ್ನೆ ಕೆಲಸ ಮಾಡಿದ್ದು ಅದು ಗಂಭೀರವಾಗಿತ್ತು ಅಥವಾ ಆತ್ಮವಿಶ್ವಾಸದಿಂದ ಕೂಡಿತ್ತು ಎಂಬ ಕಾರಣಕ್ಕಲ್ಲ. ಆ ಚಲನೆ ಅವರ ಬೆರಳುಗಳಿಗೆ ಮೊದಲೇ ಗೊತ್ತಿತ್ತು, ಅದರಿಂದ ಬರುವ ಫಲವೂ ಗೊತ್ತಿತ್ತು. ತೊಗರಿಗೂ ಅದನ್ನು ಅನ್ವಯಿಸಬಹುದು ಎಂಬುದಷ್ಟೇ ಹೊಸದಾಗಿತ್ತು. ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಕೈ ಬೀಸುವ ಭಾಷಣಕಾರರನ್ನು ಕಲಬುರಗಿಯ ಸಭಾಂಗಣಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಹೇಳುವ ವಿಷಯಕ್ಕೂ ಕೈಗೂ ಸಂಬಂಧವಿಲ್ಲದಿದ್ದರೆ ಸಭೆ ಕೈಯನ್ನು ನೋಡುತ್ತದೆ, ವಿಷಯವನ್ನು ಬಿಟ್ಟುಬಿಡುತ್ತದೆ.

ಆಮೇಲೆ ಬಂದ ಪ್ರಶ್ನೆಗಳು ಬೇರೆ ತರಹದವು: ಎಕರೆಗೆ ಎಷ್ಟು ಆಳು ಬೇಕು, ಕೂಲಿ ಎಷ್ಟಾಗುತ್ತದೆ, ಬ್ಯಾಟರಿಯಿಂದ ನಡೆಯುವ ಚಿವುಟುವ ಯಂತ್ರ ಬಾಡಿಗೆಗೆ ಸಿಗುತ್ತದೆಯೇ ಎಂಬಂಥವು. ಇವಕ್ಕೆ ಯಾವ ಸನ್ನೆಯೂ ಉತ್ತರವಾಗದು. ಕಾಗದ ತೆಗೆದು ಕೂಡಿ ಕಳೆದು ತೋರಿಸಬೇಕಾಯಿತು. ಕೊನೆಗೆ ಆ ಹಿರಿಯರು, “ಅರ್ಧ ಹೊಲ ಚೂಟಸ್ತೀನ್ರೀ, ಅರ್ಧ ಹಂಗೇ ಬಿಡ್ತೀನಿ. ರಾಶಿ ಮಾಡೋ ಮುಂದ ನೋಡಮ್ರಿ” ಎಂದರು. ಅದಕ್ಕಿಂತ ಹೆಚ್ಚಿನದನ್ನು ನಾನೂ ಕೇಳಲಿಲ್ಲ. ಹೊಲದ ಯಾವ ಬದಿಯನ್ನು ಚಿವುಟಿಸುತ್ತೀರಿ ಎಂದು ಕೇಳಿ ಬರೆದುಕೊಂಡೆ.