ಮಗನಿಗೆ ಒಂದು ನಂಬರ್, ಮಗಳಿಗೆ ಇನ್ನೊಂದು

2020ರ ಏಪ್ರಿಲ್ ಕೊನೆಯ ವಾರ. ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರನೇ ಕ್ಲಾಸಿನ ಪಾಠ ಕೇಳುತ್ತಿದ್ದಳು. ಚಿಕ್ಕವನು ಅವಳ ಕಾಲ ಹತ್ತಿರ ಕಾರು ಓಡಿಸುತ್ತಿದ್ದ. ನಮ್ಮವರು ಬೆಡ್‌ರೂಮಿನ ಬಾಗಿಲು ತೆಗೆದು ಬಂದು ಸುಮ್ನೆ ನಿಂತರು. ಮುಖ ನೋಡಿದ ಕೂಡಲೇ ಗೊತ್ತಾಯಿತು. ಕೆಲಸ ಹೋಗಿತ್ತು. ಇನ್ಶೂರೆನ್ಸ್ ಆ ತಿಂಗಳ ಕೊನೆಯವರೆಗೆ ಮಾತ್ರ. ಅಂದರೆ ಇನ್ನು ಎರಡು ದಿನ.

ಊರಲ್ಲಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಆರೋಗ್ಯ ವಿಮೆ ಬರುವುದು ಕಂಪನಿಯಿಂದ. ಕೆಲಸ ಹೋದರೆ ಅದೂ ಹೋಗುತ್ತದೆ. ನಾವಿದ್ದದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಆಗ ಕೋವಿಡ್ ಹೊತ್ತು, ನಮ್ಮ ಸುತ್ತ ದಿನವಿಡೀ ಆಂಬುಲೆನ್ಸ್ ಸದ್ದು. ಅಂಥ ಹೊತ್ತಲ್ಲಿ ನಾಲ್ಕು ಜನರ ಮನೆಗೆ ವಿಮೆ ಇಲ್ಲ ಅಂದರೆ ಹೇಗಿರುತ್ತೆ ಹೇಳಿ. ತಿಪಟೂರಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ "ಎಲ್ಲ ಹುಷಾರಾಗಿದೀರಾ?" ಅನ್ನೋರು. "ಹುಷಾರಪ್ಪ" ಅಂತಿದ್ದೆ. ಕೆಲಸದ ವಿಷಯ ಜುಲೈವರೆಗೂ ಹೇಳಲಿಲ್ಲ.

ಕೆಲಸ ಹೋದವರು ಹಳೆಯ ವಿಮೆಯನ್ನೇ ಮುಂದುವರಿಸಲು ಇಲ್ಲಿ ಕೋಬ್ರಾ ಅನ್ನುವ ಕಾನೂನು ಇದೆ. ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಅದರ ಮೇಲೆ ನೂರಕ್ಕೆ ಎರಡರಷ್ಟು ಖರ್ಚು ಬೇರೆ. ನಮಗೆ ಬಂದ ಪತ್ರದಲ್ಲಿ ತಿಂಗಳಿಗೆ 1,800 ಡಾಲರ್ ಚಿಲ್ಲರೆ ಇತ್ತು. ಹೆಚ್ಚುಕಮ್ಮಿ ನಮ್ಮ ಮನೆ ಬಾಡಿಗೆಯಷ್ಟೇ.

ಆ ಪತ್ರವನ್ನು ನಾನು ಮೂರು ಸಲ ಓದಿದೆ. ಮೂರನೇ ಸಲ ಕಂಡದ್ದು ಇದು: ಬೇಕೋ ಬೇಡವೋ ಅಂತ ತಿಳಿಸೋಕೆ 60 ದಿನ ಟೈಮ್ ಇದೆ. ಅಷ್ಟರೊಳಗೆ ಒಪ್ಪಿ ಹಿಂದಿನ ಪ್ರೀಮಿಯಂ ಕಟ್ಟಿದರೆ, ವಿಮೆ ನಿಂತ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಅಂದರೆ ಕಾಯಬಹುದು. ಯಾರಿಗಾದರೂ ಜೋರಾಗಿ ಹುಷಾರು ತಪ್ಪಿದರೆ ಆಗ ಸಹಿ ಹಾಕಬಹುದು. ಆ ರಾತ್ರಿ ಸ್ವಲ್ಪ ನಿದ್ದೆ ಬಂತು.

ಇನ್ನೊಂದು 60 ದಿನವೂ ಓಡುತ್ತಿತ್ತು. ನಮ್ಮವರದು ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾ. ಆ ವೀಸಾದವರು ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಇರಬಹುದು. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಬೇರೆ ದಾರಿ ನೋಡಬೇಕು ಅಥವಾ ಹೊರಡಬೇಕು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ನಮ್ಮವರು ದಿನಾ ಒಂದು ಗೀಟು ಹಾಕೋರು. ನಿರುದ್ಯೋಗ ಭತ್ಯೆಗೆ ಆಗ ವಾರಕ್ಕೆ 600 ಡಾಲರ್ ಕೇಂದ್ರ ಸರ್ಕಾರ ಸೇರಿಸಿ ಕೊಡುತ್ತಿತ್ತು. ನಮ್ಮ ವೀಸಾ ಒಂದೇ ಕಂಪನಿಗೆ ಕಟ್ಟಿದ್ದು, ಆ ಭತ್ಯೆಗೆ ಕೈ ಹಾಕಬೇಡಿ ಅಂದರು ಲಾಯರ್. ಬಿಟ್ಟೆವು.

ಮಕ್ಕಳ ವಿಷಯದಲ್ಲಿ ಮಾತ್ರ ಕಾಯುವುದು ನನ್ನಿಂದ ಆಗಲಿಲ್ಲ. ನ್ಯೂಜೆರ್ಸಿಯಲ್ಲಿ ಫ್ಯಾಮಿಲಿಕೇರ್ ಅಂತ ರಾಜ್ಯದ ವಿಮೆ ಇದೆ ಎಂದು ಮೇಲಿನ ಮನೆಯ ಗುಜರಾತಿ ಆಂಟಿ ಹೇಳಿದರು. ನಮ್ಮ ಮಗ ಇಲ್ಲೇ ಹುಟ್ಟಿದವನು, ಅವನಿಗೆ ಸಿಗುತ್ತದೆ ಅಂತ ಅಂದಾಜಿತ್ತು. ಮಗಳು ಹುಟ್ಟಿದ್ದು ಮೈಸೂರಿನಲ್ಲಿ, ನನ್ನ ಹಾಗೆ ಎಚ್-4, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದವಳು. ಅವಳಿಗೆ ಸಿಗಲ್ಲ ಅಂದುಕೊಂಡಿದ್ದೆ. ಆದರೆ ಕಾನೂನುಬದ್ಧವಾಗಿ ವಾಸವಿರುವ 19 ವರ್ಷದ ಒಳಗಿನ ಮಕ್ಕಳನ್ನು ಈ ರಾಜ್ಯ ಸೇರಿಸಿಕೊಳ್ಳುತ್ತದೆ, ದೊಡ್ಡವರ ಹಾಗೆ ಗ್ರೀನ್ ಕಾರ್ಡ್ ಆಗಿ ಐದು ವರ್ಷ ಕಾಯಬೇಕಿಲ್ಲ.

ಅರ್ಜಿ ಹಾಕೋಕೂ ಒಂದು ಭಯ ಇತ್ತು. ಆ ಫೆಬ್ರವರಿ 24ರಿಂದಷ್ಟೇ ಪಬ್ಲಿಕ್ ಚಾರ್ಜ್ ಅನ್ನುವ ನಿಯಮ ಬಿಗಿಯಾಗಿತ್ತು. ಸರ್ಕಾರದ ನೆರವು ಪಡೆದವರಿಗೆ ಗ್ರೀನ್ ಕಾರ್ಡ್ ಕೊಡದೇ ಇರಬಹುದು ಅಂತ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ "ಏನೂ ಮುಟ್ಟಬೇಡಿ" ಅನ್ನೋರೇ. ಕೂತು ಓದಿದೆ. ಫ್ಯಾಮಿಲಿಕೇರ್ ನಡೆಯುವುದು ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಸರ್ಕಾರಿ ವಿಮೆ, ಮತ್ತು ಚಿಪ್ ಅನ್ನುವ ಮಕ್ಕಳ ವಿಮೆಯ ಅಡಿಯಲ್ಲಿ. 21 ವರ್ಷದ ಒಳಗಿನವರ ಮೆಡಿಕೇಡ್ ಆ ಲೆಕ್ಕಕ್ಕೆ ಇರಲಿಲ್ಲ. ಚಿಪ್ ಕೂಡ ಇರಲಿಲ್ಲ. ಕೋವಿಡ್ ಪರೀಕ್ಷೆ, ಚಿಕಿತ್ಸೆಯನ್ನೂ ಲೆಕ್ಕ ಹಿಡಿಯಲ್ಲ ಎಂದು ಮಾರ್ಚ್‌ನಲ್ಲೇ ಹೇಳಿದ್ದರು. ಎಷ್ಟು ಮನೆಗಳವರು ಈ ಹೆದರಿಕೆಗೇ ಮಕ್ಕಳನ್ನು ವಿಮೆ ಇಲ್ಲದೆ ಇಟ್ಟುಕೊಂಡರೋ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಮೇ ಕೊನೆಗೆ ಎರಡು ಕಾರ್ಡು ಒಂದೇ ಲಕೋಟೆಯಲ್ಲಿ ಬಂದವು. ಅಕ್ಕನದೂ ತಮ್ಮನದೂ. ದೇವರ ಮುಂದೆ ಇಟ್ಟೆ.

ಊಟದ ವಿಷಯ ಹೇಳಲೇಬೇಕು. ಶಾಲೆ ಮುಚ್ಚಿದ್ದರೂ ಮಕ್ಕಳ ಊಟವನ್ನು ಚೀಲದಲ್ಲಿ ಹಾಕಿ ಕಾರಿನ ಕಿಟಕಿಯಲ್ಲೇ ಕೊಡುತ್ತಿದ್ದರು. ಯಾವ ಕಾಗದವನ್ನೂ ಕೇಳಲಿಲ್ಲ. ಎಷ್ಟು ಮಕ್ಕಳು ಅಂತ ಕೇಳಿ, ಅಷ್ಟು ಚೀಲ. ಮೊದಲ ದಿನ ಸಾಲಿನಲ್ಲಿ ನಿಲ್ಲೋಕೆ ನನಗೆ ತುಂಬಾ ಸಂಕೋಚ ಆಯಿತು. ನಮಗಿಂತ ಕಷ್ಟದಲ್ಲಿರೋರಿಗೆ ಬೇಕಾಗಿದ್ದನ್ನು ತಗೊಳ್ತಿದೀವಾ ಅಂತ. ಚೀಲ ಕೊಟ್ಟ ಹೆಂಗಸು ಕೈ ಬೀಸಿ "ನಾಳೆ ಬನ್ನಿ" ಅಂದರು. ಪುಟ್ಟ ಪುಟ್ಟ ಹಾಲಿನ ಪ್ಯಾಕೆಟ್ ಜಾಸ್ತಿ ಉಳಿಯುತ್ತಿದ್ದವು. ಎಲ್ಲವನ್ನೂ ಪಾತ್ರೆಗೆ ಸುರಿದು ಕಾಯಿಸಿ ಹೆಪ್ಪು ಹಾಕುತ್ತಿದ್ದೆ. ಆ ಬೇಸಿಗೆ ಮನೆಗೆ ಮೊಸರು ಕೊಂಡಿದ್ದೇ ನೆನಪಿಲ್ಲ.

ಜೂನ್ ಮೊದಲ ವಾರ ನನಗೆ ಜ್ವರ ಬಂತು. ಎಡಿಸನ್‌ನ ಕಿಲ್ಮರ್ ರಸ್ತೆಯ ವಾಹನ ತಪಾಸಣೆ ಕೇಂದ್ರದಲ್ಲಿ ಕೌಂಟಿಯವರು ಪರೀಕ್ಷೆ ಮಾಡುತ್ತಿದ್ದರು. ಕಾರಿನಲ್ಲೇ ಕೂತು ಮೂಗಿಗೆ ಕಡ್ಡಿ ಹಾಕಿಸಿಕೊಂಡೆ, ಒಂದು ಡಾಲರ್ ಖರ್ಚಾಗಲಿಲ್ಲ. ಫಲಿತಾಂಶ ಬರುವವರೆಗೆ ಕೋಬ್ರಾ ಅರ್ಜಿ ದಿಂಬಿನ ಪಕ್ಕದಲ್ಲೇ ಇತ್ತು. ನೆಗೆಟಿವ್ ಬಂತು.

ಈಗ ಕೋವಿಡ್ ಕಷ್ಟಕ್ಕೆ ಸರ್ಕಾರ ಮನೆಮನೆಗೆ ಕೊಟ್ಟ ಚೆಕ್ಕಿನ ವಿಷಯ. ಮಾರ್ಚ್ 27ಕ್ಕೆ ಅದಕ್ಕಾಗಿ ಕೇರ್ಸ್ ಆಕ್ಟ್ ಅನ್ನುವ ಕಾನೂನು ಬಂದಿತ್ತು. ದೊಡ್ಡವರಿಗೆ ತಲಾ 1,200 ಡಾಲರ್, 17ರ ಒಳಗಿನ ಮಗುವಿಗೆ 500. ಗಂಡ ಹೆಂಡತಿ ಸೇರಿ ವರ್ಷಕ್ಕೆ 1,50,000 ಡಾಲರ್‌ವರೆಗೆ ಸಂಪಾದನೆ ಇದ್ದವರಿಗೆ ಪೂರ್ತಿ ಹಣ. ಏಪ್ರಿಲ್ ಮಧ್ಯಕ್ಕೆ ಅಕ್ಕಪಕ್ಕದವರ ಖಾತೆಗೆ ಬಂತು. ನಮಗೆ ಬರಲಿಲ್ಲ.

ಕಾರಣ ನಾನು. ನನಗೆ ಕೆಲಸದ ಪರವಾನಗಿ ಇರಲಿಲ್ಲ, ಹಾಗಾಗಿ ಇಲ್ಲಿನ ಪ್ರಜೆಗಳಿಗೆ, ಕೆಲಸ ಮಾಡಬಹುದಾದವರಿಗೆ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ತೆರಿಗೆ ಕಟ್ಟೋಕೆ ಅಂತ ಕೊಡುವ ಐಟಿನ್ ಅನ್ನುವ ನಂಬರ್ ಮಾತ್ರ. ಮಗಳಿಗೂ ಅದೇ. ಜಂಟಿಯಾಗಿ ತೆರಿಗೆ ಸಲ್ಲಿಸುವ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಸೋಷಿಯಲ್ ಇಲ್ಲದಿದ್ದರೆ, ಸೈನ್ಯದವರನ್ನು ಬಿಟ್ಟು, ಇಡೀ ಮನೆಗೇ ಇಲ್ಲ ಅಂತ ಆ ಕಾನೂನು. ವರ್ಷಗಟ್ಟಲೆ ತೆರಿಗೆ ಕಟ್ಟಿದ ಅಪ್ಪನಿಗೂ ಇಲ್ಲ. ಇದೇ ದೇಶದ ಪ್ರಜೆಯಾದ ಮೂರು ವರ್ಷದ ಮಗನಿಗೂ ಇಲ್ಲ. ಕೊರಗಿದ್ದು ದುಡ್ಡಿಗಲ್ಲ. ನನ್ನ ಹೆಸರು ಅದೇ ಕಾಗದದ ಮೇಲಿದೆ ಅಂತ ನನ್ನ ಮಗುವಿನ ಹೆಸರೂ ಹೊಡೆದುಹೋಯಿತಲ್ಲ ಅಂತ.

ಅದೇ ಮೇ ತಿಂಗಳಲ್ಲಿ ಇದರ ತಿರುವು ಮುರುವೂ ನೋಡಿದೆವು. 7ರಿಂದ ಹೊರದೇಶದಲ್ಲಿ ಸಿಕ್ಕಿಕೊಂಡ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಊರಿಗೇ ಹೋಗಿಬಿಡೋಣ ಅಂದುಕೊಂಡರೆ, ಮಗನ ಓಸಿಐ, ಅಂದರೆ ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡುವ ಕಾರ್ಡಿಗೆ ಆಗ ಪ್ರವೇಶ ಇರಲಿಲ್ಲ. ನಾವು ಮೂವರು ಹತ್ತಬಹುದು, ಅವನು ಹತ್ತುವ ಹಾಗಿಲ್ಲ. ಅಂಥ ಮಕ್ಕಳಿಗೆ ಅವಕಾಶ ಕೊಟ್ಟಿದ್ದು ಮೇ 22ಕ್ಕೆ. ಅಲ್ಲಿಯವರೆಗೆ ಇಲ್ಲಿರಿ ಅಂತ ಇವರೂ ಅನ್ನಲಿಲ್ಲ, ಬನ್ನಿ ಅಂತ ಅವರೂ ಅನ್ನಲಿಲ್ಲ.

49ನೇ ಗೀಟಿನ ದಿನ ಹೊಸ ಕಂಪನಿ ವೀಸಾ ಅರ್ಜಿ ಹಾಕಿತು. ಜುಲೈಯಿಂದ ಇನ್ಶೂರೆನ್ಸ್.

ಚೆಕ್ಕಿನ ತಪ್ಪನ್ನು ಡಿಸೆಂಬರಿನ ಕಾನೂನಿನಲ್ಲಿ ಸರಿ ಮಾಡಿದರು. ಸೋಷಿಯಲ್ ಇದ್ದವರಿಗೆ, ಅಂಥ ಮಕ್ಕಳಿಗೆ, ತಲಾ 600 ಡಾಲರಿನ ಹೊಸ ಕಂತಿನ ಜೊತೆ ಹಿಂದಿನದೂ ಸೇರಿಸಿ ಕೊಡುತ್ತೇವೆ ಅಂತ. 2021ರಲ್ಲಿ ತೆರಿಗೆ ಸಲ್ಲಿಸಿದ ಮೇಲೆ 2,900 ಡಾಲರ್ ಬಂತು. ಅಪ್ಪನದು 1,200 ಮತ್ತು 600, ಮಗನದು 500 ಮತ್ತು 600. ಮಗಳ ಹೆಸರಿನ ಮುಂದೆ ಸೊನ್ನೆ. ಮಗನ ಪಾಲಿನ 1,100ರಲ್ಲಿ ಅರ್ಧವನ್ನು ನಮ್ಮವರು ಅವಳ ಹೆಸರಿಗೆ ತೆಗೆದಿಟ್ಟರು. ನಾನು ಹೇಳಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಪರಿಚಯದವರ ಕಡೆಯಿಂದ ಒಬ್ಬ ಹಾಸನದ ಹುಡುಗಿ ಫೋನ್ ಮಾಡಿದಳು. ಗಂಡನ ಕೆಲಸ ಹೋಗಿದೆ, ಕೋಬ್ರಾ ಪತ್ರ ಬಂದಿದೆ, ಇಷ್ಟು ಹಣ ಎಲ್ಲಿಂದ ತರೋದು ಅಂತ ಮೆಲ್ಲಗೆ ಕೇಳಿದಳು, ಪಕ್ಕದಲ್ಲಿ ಯಾರೋ ಮಲಗಿದ್ದರು ಅಂತ ಕಾಣುತ್ತೆ. ಆಗ ಹೊಸ ಕಾನೂನು ಬಂದಿತ್ತು. ಕಂಪನಿಯೇ ತೆಗೆದುಹಾಕಿದ್ದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪ್ರೀಮಿಯಂ ಕುಟುಂಬ ಕಟ್ಟಬೇಕಿರಲಿಲ್ಲ. ಅದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ದೊಡ್ಡವಳು ಊರಲ್ಲೇ ಹುಟ್ಟಿದ್ದು ಅಕ್ಕಾ. ಅವಳಿಗೂ ಸೇರುತ್ತಾ?"

"ಸೇರುತ್ತಮ್ಮ. ಮನೆಯವರೆಲ್ಲ ಅದೇ ವಿಮೆಯಲ್ಲಿದ್ರಿ ತಾನೆ? ನಾಲ್ಕು ಜನಕ್ಕೂ ಸೇರುತ್ತೆ" ಅಂದೆ.